ತಲೆಗೊಂದು ಮೊಟ್ಟೆ

ಪ್ರಶ್ನೆ: ಮಗ ಕೆಲಸದ ಮೇಲೆ ಮ್ಯಾಂಚೆಸ್ಟರ್‌ಗೆ ಹೋಗಿದ್ದಾನೆ. ಹತ್ತಿ ಮಿಲ್‌ಗಳಿಂದಾಗಿ ನಮ್ಮ ದಾವಣಗೆರೆಯನ್ನು ‘ಕರ್ನಾಟಕದ ಮ್ಯಾಂಚೆಸ್ಟರ್’ ಅನ್ನುತ್ತಿದ್ದರಲ್ಲ, ಆ ಅಸಲಿ ಮ್ಯಾಂಚೆಸ್ಟರ್ ಸಾಹಿತ್ಯದಲ್ಲಿ ಹೇಗಿದೆ? ಡಿಕನ್ಸ್ ಒಬ್ಬರನ್ನು ಓದಿದರೆ ಸಾಕಾ?
– ಓದುಗರೊಬ್ಬರು, ರಾಜಾಜಿನಗರ, ಬೆಂಗಳೂರು

ಉತ್ತರ: ಡಿಕನ್ಸ್ ಆಮೇಲೆ ಇರಲಿ ಬಿಡಿ. ಅವರ ‘ಹಾರ್ಡ್ ಟೈಮ್ಸ್’ ಕಾದಂಬರಿಯ ಕಲ್ಪನೆಯ ಮಿಲ್ ಊರು ಕೋಕ್‌ಟೌನ್‌ನಲ್ಲಿ ಬಣ್ಣದ ನೀರಿನಿಂದ ನೇರಳೆಗೆ ತಿರುಗಿದ, ನಾರುವ ನದಿಯೊಂದಿದೆ, ನಿಜ. ಆದರೆ 1854ರ ಜನವರಿಯಲ್ಲಿ ಅವರು ಮಿಲ್ ಮುಷ್ಕರ ನೋಡಲು ಹೋಗಿದ್ದು ಮ್ಯಾಂಚೆಸ್ಟರ್‌ಗಲ್ಲ, ಇನ್ನೊಂದು ಮಿಲ್ ಊರಾದ ಪ್ರೆಸ್ಟನ್‌ಗೆ. ಬಂದು ಹೋದವರ ಕಣ್ಣು ಅದು.

ಮೊದಲು ಎಲಿಜಬೆತ್ ಗ್ಯಾಸ್ಕೆಲ್ ಅವರ ‘ಮೇರಿ ಬಾರ್ಟನ್’ (1848) ಕಾದಂಬರಿ ಹಿಡಿಯಿರಿ. ಆಕೆ ಮದುವೆಯಾಗಿ ಮ್ಯಾಂಚೆಸ್ಟರ್‌ಗೆ ಬಂದು ಅಲ್ಲೇ ಸಂಸಾರ ಮಾಡಿದವರು. ಶುರುವಿನಲ್ಲೇ ಮಿಲ್ ಕೆಲಸಗಾರನ ಮನೆಗೆ ಗೆಳೆಯನ ಸಂಸಾರ ಚಹಾಕ್ಕೆ ಬರುತ್ತದೆ. ತಾಯಿ ಮಗಳನ್ನು ಅಂಗಡಿಗೆ ಓಡಿಸುತ್ತಾಳೆ. ತಲೆಗೊಂದೇ ಮೊಟ್ಟೆ ತಾ ಅಂತ ಲೆಕ್ಕ ಬೇರೆ! ನಾನು ಬೆಳೆದಿದ್ದು ಮಾಗಡಿ ರಸ್ತೆಯ ವಠಾರದಲ್ಲಿ. ಅಪ್ಪ ಮಿಲ್‌ಗೆ ಹೋಗುತ್ತಿದ್ದರು. ನೆಂಟರು ಬಂದರೆ ಅಮ್ಮ ಸೆರಗಿನ ಮರೆಯಲ್ಲೇ ಲೋಟ ಕೊಟ್ಟು ಪಕ್ಕದ ಮನೆಯಿಂದ ಸಕ್ಕರೆ ತರಿಸುತ್ತಿದ್ದಳು. ಆ ಪುಟ ಓದಿದ ದಿನ ಮುಂದೆ ಓದಲಾಗದೆ ಪುಸ್ತಕ ಮುಚ್ಚಿಟ್ಟಿದ್ದೆ. ಕಾದಂಬರಿಯಲ್ಲಿ ಮುಂದೆ ನೆಲಮಾಳಿಗೆಯ ಮನೆಯೊಂದು ಬರುತ್ತದೆ. ಬೀದಿಯ ಕೊಳಚೆ ಒಳಗೆ ಜಿನುಗಿ ಮಕ್ಕಳು ಒದ್ದೆ ನೆಲದಲ್ಲೇ ಹೊರಳುತ್ತಿರುತ್ತವೆ. ಗ್ಯಾಸ್ಕೆಲ್ ಅವರದೇ ‘ನಾರ್ತ್ ಅಂಡ್ ಸೌತ್’ನಲ್ಲಿ ಮ್ಯಾಂಚೆಸ್ಟರ್‌ಗೆ ಮಿಲ್ಟನ್ ಅಂತ ಹೆಸರು. ಅದರಲ್ಲಿ ಪ್ರೇಮಕಥೆ ಜಾಸ್ತಿ.

ನದಿಯನ್ನೇ ನೋಡಬೇಕಾ? ಹಾಗಾದರೆ ಕಾರ್ಲ್ ಮಾರ್ಕ್ಸ್ ಗೆಳೆಯ ಎಂಗೆಲ್ಸ್. ಕಾದಂಬರಿಯಲ್ಲ, ಆದರೂ ಓದಿ. ಅಪ್ಪನ ಪಾಲಿದ್ದ ಹತ್ತಿ ಕಂಪನಿಯಲ್ಲಿ ಕೆಲಸ ಕಲಿಯಲು 1842ರಲ್ಲಿ ಜರ್ಮನಿಯಿಂದ ಮ್ಯಾಂಚೆಸ್ಟರ್‌ಗೆ ಬಂದಾಗ ಅವರಿಗೆ 22 ವರ್ಷ. ಇಂಗ್ಲೆಂಡಿನ ಕಾರ್ಮಿಕರ ಬಗ್ಗೆ 1845ರಲ್ಲಿ ಪುಸ್ತಕ ತಂದರು. ಅಲ್ಲಿನ ಡ್ಯೂಸಿ ಸೇತುವೆ ಮೇಲೆ ನಿಂತು ಅವರು ಕಂಡ ಇರ್ಕ್ ನದಿ ಇದ್ದಿಲಿನಷ್ಟು ಕಪ್ಪು. ಚರ್ಮ ಹದ ಮಾಡುವವರು, ಮೂಳೆ ಅರೆಯುವವರು, ಗ್ಯಾಸ್ ಕಾರ್ಖಾನೆ, ಎಲ್ಲರ ಕೊಳಕೂ ಅದಕ್ಕೇ. ಮೈಸೂರು ರಸ್ತೆಯಲ್ಲಿ ವೃಷಭಾವತಿ ಪಕ್ಕ ಹೋಗುವಾಗ ಬಸ್ಸಿನ ಕಿಟಕಿ ಎಳೆದುಕೊಳ್ಳುತ್ತೇವಲ್ಲ, ನಮಗೆ ಅನುವಾದವೇ ಬೇಡ.

ನಿಮ್ಮ ಮಗ ವಿಕ್ಟೋರಿಯಾ ಸ್ಟೇಷನ್‌ಗೆ ಹೋದರೆ ಇರ್ಕ್ ಎಲ್ಲಿ ಅಂತ ಹುಡುಕಬೇಡ ಅನ್ನಿ. ಈಗ ಅದು ಸ್ಟೇಷನ್ನಿನ ಅಡಿಯಲ್ಲೇ ಹರಿದು ಇರ್‌ವೆಲ್ ನದಿ ಸೇರುತ್ತದೆ.