ಹವಾಯಿ ಹಾಡಿನ ಸಾಹಿತ್ಯ ಕನ್ನಡದಲ್ಲಿ ಬರ್ಕೊಂಡು ಕಲಿಯೋ ಬಗ್ಗೆ

ಭಾಷೆ ಬರಲ್ಲ, ಹಳೇ ಹವಾಯಿ ಹಾಡು ಕಲೀಬೇಕು, ಸಾಹಿತ್ಯ ಕನ್ನಡದಲ್ಲಿ ಬರ್ಕೊಂಡ್ರೆ ನಡಿಯತ್ತಾ ಅಂತ ಕೇಳಿದೀರಿ. ಖಂಡಿತ ಬರ್ಕೊಳ್ಳಿ, ಇಂಗ್ಲಿಷ್ ಥರ ಓದೋದಕ್ಕಿಂತ ಎಷ್ಟೋ ವಾಸಿ, ಯಾಕಂದ್ರೆ ಹವಾಯಿ ಭಾಷೇಲಿ ಇರೋದು ಐದೇ ಸ್ವರ, ಅ ಎ ಇ ಒ ಉ, ಪ್ರತಿಯೊಂದಕ್ಕೂ ಹ್ರಸ್ವ ದೀರ್ಘ ಎರಡೂ ಇದೆ, ಎ-ಏ ಒ-ಓ ವ್ಯತ್ಯಾಸಾನೂ ನಮ್ಮ ಹಾಗೇನೇ.

ಆದ್ರೆ ಒಕಿನಾ ಅನ್ನೋ ಚಿಹ್ನೆಗೆ ನಮ್ಮಲ್ಲಿ ಅಕ್ಷರ ಇಲ್ಲ. ಅಲ್ಲಿ ಗಂಟಲಲ್ಲಿ ಉಸಿರು ಒಂದು ಕ್ಷಣ ಕಟ್ ಆಗ್ಬೇಕು, ಅದು ವ್ಯಂಜನಾನೇ, ಬಿಟ್ರೆ ಪದಾನೇ ಬದಲಾಗತ್ತೆ. ಆ ಜಾಗದಲ್ಲಿ ಸಣ್ಣ ಗೆರೆ ಹಾಕ್ಕೊಳ್ಳಿ. ಹಳೇ ಮುದ್ರಿತ ಹಾಡುಗಳಲ್ಲಿ ಒಕಿನಾನೂ ಇರಲ್ಲ, ದೀರ್ಘ ತೋರ್ಸೋ ಅಡ್ಡಗೆರೆನೂ ಇರಲ್ಲ, ಅದಕ್ಕೇ ವೆಹೆವೆಹೆ ಆನ್‌ಲೈನ್ ಡಿಕ್ಷನರಿಲಿ ಒಂದೊಂದೂ ಚೆಕ್ ಮಾಡಿ. ಸಾಹಿತ್ಯ ಮತ್ತೆ ಅರ್ಥ ಹುಆಪಾಲಾ ಸೈಟಲ್ಲಿ ಸಿಗತ್ತೆ.

ಶುರುಗೆ ರಾಣಿ ಲಿಲಿಉಒಕಲನಿ 1878ರಲ್ಲಿ ರಚಿಸಿದ ಅಲೊಹ ಒಎ ತಗೊಳ್ಳಿ, ನಿಧಾನ ಲಯ, ಪಲ್ಲವಿ ಬೇಗ ಬಾಯಿಗೆ ಬರತ್ತೆ. ಮೊದ್ಲು ರಾಗ ಬಿಟ್ಟು ಬರೀ ಸಾಹಿತ್ಯ ಜೋರಾಗಿ ಓದಿ, ನಾಲಿಗೆ ತಡವರಿಸೋದು ನಿಂತ ಮೇಲೆ ಹಾಡಿ.

ಇನ್ನೊಂದು ಮಾತು, ಓಲಿ ಅಂತಾರಲ್ಲ, ವಾದ್ಯ ಇಲ್ದೆ ಪಠಿಸೋದು, ಅದನ್ನ ದಯವಿಟ್ಟು ವಿಡಿಯೋ ನೋಡಿ ಕಲೀಬೇಡಿ. ಕೆಲವು ವಂಶಾವಳಿಗೆ, ಪೂಜೆಗೆ ಸೇರಿದ್ದು, ಅಲ್ಲಿನ ಕುಮು ಅಂದ್ರೆ ಗುರುಗಳನ್ನ ಕೇಳಿನೇ ಕಲೀಬೇಕು. 1896ರ ಕಾನೂನಿಂದ ಇಂಗ್ಲಿಷ್ ಶಾಲಾ ಮಾಧ್ಯಮ ಆಗಿ ಹವಾಯಿ ಭಾಷೆ ತರಗತಿಯಿಂದ್ಲೇ ಹೊರಗೆ ಹೋಯ್ತು, ಮತ್ತೆ ಅಧಿಕೃತ ಸ್ಥಾನ ಸಿಕ್ಕಿದ್ದು 1978ರಲ್ಲಿ. ಅಷ್ಟು ಕಷ್ಟಪಟ್ಟು ಉಳಿಸ್ಕೊಂಡಿರೋ ಜನರ ಹತ್ರಾನೇ, ಆನ್‌ಲೈನ್ ಕ್ಲಾಸ್ ಆದ್ರೂ ಸರಿ, ಕಲಿಯಿರಿ.