ಶೇಕಡ 34ರ ಭಯ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ದಾವಣಗೆರೆಯಲ್ಲಿ ಇತಿಹಾಸ ಎಂಎ ಓದುತ್ತಿರುವ ವಿದ್ಯಾರ್ಥಿನಿ, 23 ವರ್ಷ. ಹೊಳಲ್ಕೆರೆ ಸೀಮೆಯ ಕೆರೆ ಶಾಸನಗಳ ಮೇಲೆ ಡಿಸರ್ಟೇಶನ್ (ಸಂಶೋಧನಾ ಪ್ರಬಂಧ) ಬರೆದಿದ್ದಳು. ಕೃತಿಚೌರ್ಯ ಹಿಡಿಯುವ ತಂತ್ರಾಂಶ ಶೇ. 34 ಹೋಲಿಕೆ ತೋರಿಸಿತು. ಅಂದಿನಿಂದ ನಿದ್ದೆಯಿಲ್ಲ, ಗೈಡ್ ಎದುರು ನಿಲ್ಲುವ ಧೈರ್ಯವಿಲ್ಲ, ಕೋರ್ಸೇ ಬಿಡುವ ಯೋಚನೆ. "ನಾ ಕದ್ದಿಲ್ರಿ ಮೇಡಂ, ಎಲ್ಲಾ ನನ್ ಕೈಯಾಗೇ ಬರ್ದಿದ್ದು" ಎಂದಳು. ಸುಳ್ಳೇನಲ್ಲ, ಕೈಬರಹದ ನೋಟ್ಸ್ ಚೀಲದ ತುಂಬ ಇತ್ತು.

ಮೊದಲು ಭಯವನ್ನು ಅಳತೆಗೆ ತರಬೇಕಿತ್ತು. ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2018ರ ನಿಯಮಾವಳಿಯಂತೆ ಹೋಲಿಕೆ ಶೇ. 10ರವರೆಗೆ ದಂಡವಿಲ್ಲ. 10 ದಾಟಿ 40ರೊಳಗಿದ್ದರೆ ಗರಿಷ್ಠ 6 ತಿಂಗಳಲ್ಲಿ ತಿದ್ದಿ ಮರುಸಲ್ಲಿಸಬೇಕು. 60ರವರೆಗೆ ಹೋದರೆ ಮರುಸಲ್ಲಿಕೆಗೆ 1 ವರ್ಷ ತಡೆ, ಅದನ್ನೂ ಮೀರಿದರೆ ನೋಂದಣಿ ರದ್ದು. ಇವಳದು ತಿದ್ದುವ ಹಂತ. ಇನ್ನೂ ಒಂದು: ಗ್ರಂಥಸೂಚಿ, ಪರಿವಿಡಿ, ಮುನ್ನುಡಿ, ಆಕರ ಹೇಳಿ ಉದ್ಧರಿಸಿದ ಭಾಗ ಲೆಕ್ಕಕ್ಕೆ ಬರಬಾರದು. ಇವನ್ನು ಹೊರಗಿಟ್ಟು ವರದಿ ಮತ್ತೆ ತೆಗೆಸಿದಾಗ 27ಕ್ಕೆ ಇಳಿಯಿತು.

ಆ 27ರ ಬೇರು ಇದ್ದದ್ದು ನೋಟ್ಸಿನಲ್ಲಿ. ಪುಸ್ತಕದ ವಾಕ್ಯಗಳನ್ನು ಹಾಗೇ ಇಳಿಸಿಕೊಂಡು, ನಡುನಡುವೆ ತನ್ನ ವಿಚಾರವನ್ನೂ ಅದೇ ಪೆನ್ನಿನಲ್ಲಿ ಬರೆದಿದ್ದಳು. ಪುಟಸಂಖ್ಯೆ ಇಲ್ಲ. ಮೂರು ತಿಂಗಳಾದ ಮೇಲೆ ಯಾವುದು ಯಾರ ಮಾತೆಂದು ಅವಳಿಗೇ ತಿಳಿಯಲಿಲ್ಲ. ಹತ್ತಾರು ವರ್ಷ "ನೋಡಿ ಬರೆ" ಎಂದು ಕಲಿಸಿ, ಎಂಎಗೆ ಬಂದಮೇಲೆ ಅದನ್ನೇ ಕಳವು ಎಂದರೆ ಮಕ್ಕಳು ಕಂಗಾಲಾಗದೆ ಇನ್ನೇನು?

ಕೊಟ್ಟ ಸಲಹೆ ಹೀಗೆ. ಪುಸ್ತಕ ತೆರೆದ ಕೂಡಲೇ ಲೇಖಕ, ಶೀರ್ಷಿಕೆ, ಪ್ರಕಾಶಕ, ಮುದ್ರಣ, ವರ್ಷ ಬರೆದುಕೊಳ್ಳುವುದು. ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ಪುಸ್ತಕದ ಮಾತು, ಪುಟಸಂಖ್ಯೆ ಸಹಿತ, ಬಲಕ್ಕೆ ತನ್ನದು. ಅಧ್ಯಾಯ ಬರೆಯುವಾಗ ಪುಸ್ತಕ ಮುಚ್ಚಿಡಬೇಕು, ಬರೆದಾದ ಮೇಲೆ ತೆರೆದು ಹೋಲಿಸಬೇಕು. 'ನಿರ್ಮಿಸಿದನು' ತೆಗೆದು 'ಕಟ್ಟಿಸಿದನು' ಹಾಕಿದರೆ ಮರುಬರವಣಿಗೆ ಆಗದು, ವಾಕ್ಯದ ಎಲುಬು ಮೂಲದ್ದೇ ಉಳಿಯುತ್ತದೆ. ಮಾತು ಸ್ವಂತದ್ದಾದರೂ ವಿಚಾರ ಎರವಲಾದರೆ ಆಕರ ಕೊಡಲೇಬೇಕು.

ಶಾಸನಪಾಠವನ್ನು ಮಾತ್ರ ಇದ್ದಂತೆಯೇ ಉದ್ಧರಿಸಬೇಕು. ಶಾಸನಗಳ ಸಂಪುಟಮಾಲೆಯಾದ ಎಪಿಗ್ರಾಫಿಯ ಕರ್ನಾಟಿಕದ ಸಂಪುಟ, ತಾಲ್ಲೂಕು, ಶಾಸನಸಂಖ್ಯೆ ಕೊಡಬೇಕು. ಹಳೆಯ ಮುದ್ರಣದಲ್ಲಿ ಚಿತ್ರದುರ್ಗ ಜಿಲ್ಲೆಯದು 11ನೇ ಸಂಪುಟ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ, ಹಾಗಾಗಿ ದಾವಣಗೆರೆ ತಾಲ್ಲೂಕಿನ ಶಾಸನಗಳೂ ಅದರಲ್ಲೇ ಇವೆ. ಪರಿಷ್ಕೃತ ಮುದ್ರಣದಲ್ಲಿ ಸಂಖ್ಯೆಗಳು ಬದಲಾಗುವುದರಿಂದ ಯಾವ ಮುದ್ರಣವೆಂದು ಹೇಳದಿದ್ದರೆ ಓದುಗರು ದಾರಿ ತಪ್ಪುತ್ತಾರೆ. ಇವಳು 9 ಶಾಸನಗಳಿಗೆ ಮೂಲ ಸಂಪುಟವನ್ನೇ ಹೆಸರಿಸಿದ್ದಳು, ಓದಿದ್ದು ಬೇರೊಬ್ಬರ ಪುಸ್ತಕದಲ್ಲಿ. ಅಂಥಲ್ಲಿ 'ಉದ್ಧೃತ' ಎಂದು ಸೇರಿಸಿ ತಾನು ಓದಿದ ಪುಸ್ತಕವನ್ನು ಕಾಣಿಸಬೇಕು, ಇಲ್ಲವೇ ಮೂಲವನ್ನೇ ತೆರೆಯಬೇಕು.

ಹಳೆಯ 'ನುಡಿ' ಫಾಂಟಿನಲ್ಲಿ ಟೈಪ್ ಮಾಡಿಸಿದರೆ ತಂತ್ರಾಂಶ ಹಿಡಿಯಲ್ಲವೆಂದು ಗೆಳತಿಯೊಬ್ಬಳು ಹೇಳಿಕೊಟ್ಟಿದ್ದಳಂತೆ. ಯುನಿಕೋಡ್ ಅಲ್ಲದ ಅಕ್ಷರ ಯಂತ್ರಕ್ಕೆ ಓದಲು ಬಾರದಿರಬಹುದು, ಪರೀಕ್ಷಕರಿಗೆ ಬರುತ್ತದೆ. ಈಗಿರುವುದು ತಿಳಿಯದೆ ಆದ ತಪ್ಪು. ಹಾಗೆ ಮಾಡಿದರೆ ತಿಳಿದೇ ಮಾಡಿದ ಮೋಸವಾಗುತ್ತದೆ ಎಂದು ಸ್ಪಷ್ಟವಾಗಿ ಹೇಳಲಾಯಿತು.

ಗೈಡ್ ಬಳಿ ಬರಿಗೈಲಿ ಹೋಗದೆ, ಗುರುತು ಹಾಕಿದ ವರದಿ ಮತ್ತು ದಿನಕ್ಕೆ 4 ಪುಟ ತಿದ್ದುವ ಪಟ್ಟಿ ಹಿಡಿದು ಹೋಗಲು ಸೂಚಿಸಲಾಯಿತು. ಎರಡು ವಾರದಲ್ಲಿ ನಿದ್ದೆ ಸುಧಾರಿಸದಿದ್ದರೆ ವೈದ್ಯರನ್ನು ಕಾಣಬೇಕೆಂದೂ ಹೇಳಲಾಗಿತ್ತು. ಅದರ ಅಗತ್ಯ ಬೀಳಲಿಲ್ಲ. ಮೂರನೇ ಭೇಟಿಯ ಹೊತ್ತಿಗೆ 9ರಲ್ಲಿ 6 ಶಾಸನಗಳನ್ನು ಮೂಲ ಸಂಪುಟದಲ್ಲೇ ನೋಡಿ ಬಂದಿದ್ದಳು. ಒಂದರ ಸಂಖ್ಯೆ ತಾನು ಮೊದಲು ಓದಿದ್ದ ಪುಸ್ತಕದಲ್ಲೇ ತಪ್ಪಿತ್ತಂತೆ.