ಅತ್ತೆಯ ಬಾಳೆದಿಂಡು, ಗಂಡನ ಮಾತ್ರೆ

ಪತ್ರ: ಅಡಿಕೆ ಸುಲಿಯಲು ಹೋಗಲು ಶುರು ಮಾಡಿ ಇಪ್ಪತ್ತು ದಿನ ಆಯಿತು. ಎಡಗಡೆ ಬೆನ್ನಿನಲ್ಲಿ ಒಂದೇ ಸಮ ನೋವು. ಕಿಡ್ನಿ ಕಲ್ಲಿರಬೇಕು, ಬಾಳೆದಿಂಡಿನ ರಸ ಕುಡಿ ಅಂತಾರೆ ಅತ್ತೆ. ನಮ್ಮ ಮನೆಯವರು ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದಿದ್ದಾರೆ. ನುಂಗಿದರೆ ನಾಲ್ಕು ಗಂಟೆ ಆರಾಮ, ಮತ್ತೆ ಶುರು. ಯಾರ ಮಾತು ಕೇಳಲಿ? ಸ್ವಲ್ಪ ಉರಿಮೂತ್ರವೂ ಇದೆ.
– ಓದುಗರೊಬ್ಬರು, ಹೊಸನಗರ ತಾಲ್ಲೂಕು

ಸಂಪಾದಕರ ಉತ್ತರ: ಅಮ್ಮಾ, ಮೊದಲೇ ಹೇಳಿಬಿಡುತ್ತೇನೆ, ನಾನು ಅತ್ತೆಯ ಪಕ್ಷ. ನಿಮ್ಮ ಮನೆಯವರ ಮೇಲೆ ನನಗೆ ಸಿಟ್ಟಿಲ್ಲ. ಹೆಂಡತಿ ನರಳುವುದನ್ನು ನೋಡಲಾರದೆ ಪೇಟೆಗೆ ಓಡಿದ್ದಾರೆ. ಕಲ್ಲಿನ ನೋವಿಗೆ ಆಸ್ಪತ್ರೆಯಲ್ಲೂ ಆ ಜಾತಿಯ ಔಷಧಿಯನ್ನೇ ಕೊಡುವುದುಂಟು. ಅವರ ಪರವಾಗಿ ಇಷ್ಟು ಸಾಕು.

ಈಗ ರಣಹದ್ದಿನ ಕಥೆ ಕೇಳಿ. 1990ರ ದಶಕದಲ್ಲಿ ನಮ್ಮ ದೇಶದ ರಣಹದ್ದುಗಳು ರಾಶಿ ರಾಶಿ ಸತ್ತವು. ಯಾಕೆಂದು ವರ್ಷಗಟ್ಟಲೆ ತಿಳಿಯಲಿಲ್ಲ. 2004ರಲ್ಲಿ ಗುಟ್ಟು ಹೊರಬಿತ್ತು. ದನಗಳ ನೋವಿಗೆ ಡೈಕ್ಲೋಫೆನಾಕ್ ಎಂಬ, ಮನುಷ್ಯರ ನೋವಿನ ಮಾತ್ರೆಯಲ್ಲೂ ಇರುವ ಔಷಧಿ ಕೊಡುತ್ತಿದ್ದರು. ದನ ಸತ್ತರೆ ಅದರ ಮಾಂಸದಲ್ಲಿ ಔಷಧಿ ಉಳಿದಿರುತ್ತಿತ್ತು. ತಿಂದ ಹದ್ದಿನ ಕಿಡ್ನಿ ಹೋಗುತ್ತಿತ್ತು. 2006ರಲ್ಲಿ ದನಗಳಿಗೆ ಅದನ್ನು ಕೊಡಬಾರದೆಂದು ಸರ್ಕಾರ ನಿಷೇಧ ಹಾಕಿತು. ಮನುಷ್ಯ ಹದ್ದಲ್ಲ, ನಿಜ. ನಮಗೆ ಒಂದು ಮಾತ್ರೆಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆದರೆ ನೀರು ಕುಡಿಯದ ಮೈಗೆ, ಅದರಲ್ಲೂ ಶುಗರ್, ಬಿಪಿ ಇದ್ದವರಿಗೆ, ದಿನಾ ಇಂಥ ಮಾತ್ರೆ ಬಿದ್ದರೆ ಕಿಡ್ನಿಗೆ ಹೋಗುವ ರಕ್ತವೇ ಕಡಿಮೆಯಾಗುತ್ತದೆ. ಕಿಡ್ನಿ ನೋಯಿಸಿಕೊಂಡೇ ಕೆಡಬೇಕು ಅಂತೇನೂ ಇಲ್ಲ. ಶುಗರ್, ಬಿಪಿಯಿಂದ ಕೆಡುವಾಗ ಸಾಮಾನ್ಯವಾಗಿ ಗೊತ್ತೇ ಆಗುವುದಿಲ್ಲ.

ನಿಮ್ಮದು ಕಿಡ್ನಿ ನೋವು ಹೌದಾ? ನಮ್ಮ ಕಡೆ ಸೊಂಟ ಹಿಡಿದವರೆಲ್ಲ ಕಿಡ್ನಿ ಅನ್ನುತ್ತಾರೆ. ಕಿಡ್ನಿ ಇರುವುದು ಇನ್ನೂ ಮೇಲೆ, ಕೊನೆಯ ಪಕ್ಕೆಲುಬಿನ ಹತ್ತಿರ, ಬೆನ್ನುಮೂಳೆಯ ಎರಡೂ ಬದಿಗೆ. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ರಾತ್ರಿ ಹನ್ನೊಂದರವರೆಗೆ ಕೂತವರಿಗೆ ಬೆನ್ನು ಹಿಡಿಯುವುದು ಹೊಸತಲ್ಲ. ಬಗ್ಗಿದರೆ ಜಾಸ್ತಿ, ಮಲಗಿದರೆ ಕಡಿಮೆ ಆದರೆ ಅದು ಹೆಚ್ಚಾಗಿ ಬೆನ್ನಿನದೇ. ಒಂದೇ ಪಕ್ಕ ಪಟ್ಟಿ ಕಟ್ಟಿದ ಹಾಗೆ ಉರಿದು, ನಾಲ್ಕು ದಿನದ ಮೇಲೆ ಗುಳ್ಳೆ ಎದ್ದರೆ ಸರ್ಪಸುತ್ತು.

ಕಲ್ಲಿನದು ಬೇರೆ ಥರ. ನನಗೇ ಬಂದಿತ್ತು. ರಾತ್ರಿ ಎರಡು ಗಂಟೆಗೆ ಪಕ್ಕೆಯಲ್ಲಿ ಎದ್ದು ತೊಡೆಸಂದಿಗೆ ಇಳಿಯಿತು. ಕೂತರೂ ಆಗದು, ನಿಂತರೂ ಆಗದು, ಜಗಲಿ ತುಂಬ ಉರುಳಾಡಿದೆ. ಸ್ವಲ್ಪ ಹೊತ್ತು ಬಿಡುತ್ತಿತ್ತು, ಮತ್ತೆ ಏರುತ್ತಿತ್ತು. ಸ್ಕ್ಯಾನ್ ಮಾಡಿ ನೋಡಿದರೆ 4 ಮಿಲಿಮೀಟರಿನ ಕಲ್ಲು! ಅಕ್ಕಿ ಆರಿಸುವಾಗ ಸಿಕ್ಕಿದ್ದರೆ ಎತ್ತಿ ಬಿಸಾಡುತ್ತಿದ್ದೆ. 5 ಮಿಲಿಮೀಟರಿಗಿಂತ ಚಿಕ್ಕವು ಹೆಚ್ಚಾಗಿ ತಾವೇ ಹೋಗುತ್ತವೆ, ನನ್ನದೂ ಹೋಯಿತು. ಹಾಲು ಬಿಡು, ಅದರಲ್ಲಿ ಸುಣ್ಣ ಇದೆ ಅಂದರು ನೆಂಟರು. ಅದು ತಪ್ಪು. ಊಟದ ಜೊತೆ ಹೋದ ಹಾಲು ಮಜ್ಜಿಗೆಯ ಸುಣ್ಣದಂಶ, ಕಲ್ಲು ಕಟ್ಟುವ ಆಕ್ಸಲೇಟನ್ನು ಕರುಳಿನಲ್ಲೇ ಹಿಡಿದು ಹೊರಗೆ ಹಾಕುತ್ತದೆ. ಕಡಿಮೆ ಮಾಡಬೇಕಾದ್ದು ಉಪ್ಪು. ಅಪ್ಪೆಮಿಡಿ ಉಪ್ಪಿನಕಾಯಿ ಬಿಡಿ ಅಂತ ಡಾಕ್ಟರು ಹೇಳಿದಾಗಲೇ ನನಗೆ ನಿಜವಾದ ನೋವಾಗಿದ್ದು.

ಇರಲಿ, ನಿಮ್ಮ ವಿಷಯಕ್ಕೆ ಬರೋಣ. ಉರಿಮೂತ್ರದ ಮಾತನ್ನು ಪತ್ರದ ಕಟ್ಟಕಡೆಗೆ, ಸಹಿ ಹಾಕುವ ಮುಂಚೆ ತುರುಕಿದ್ದೀರಲ್ಲ, ಹೀಗೂ ಮಾಡ್ತಾರಾ ಮಾರಾಯ್ತಿ? ಎಲ್ಲಕ್ಕಿಂತ ಮೊದಲು ಬರೆಯಬೇಕಾದ್ದು ಅದೇ. ಹೆಂಗಸರ ಮೂತ್ರನಾಳ ಗಿಡ್ಡ, ಸೋಂಕು ಬೇಗ ಒಳಗೆ ಹೋಗುತ್ತದೆ. ಮೂತ್ರಕೋಶದಲ್ಲಿದ್ದದ್ದು ಮೇಲಕ್ಕೆ ಹತ್ತಿ ಕಿಡ್ನಿಗೆ ಸೇರಿದರೆ ಬೆನ್ನು ನೋವು, ನಡುಕ ಬರಿಸುವ ಚಳಿಜ್ವರ, ವಾಂತಿ. ಆಗ ದಿಂಡೂ ಸಾಲದು, ಮಾತ್ರೆಯೂ ಸಾಲದು, ಅವತ್ತೇ ಆಸ್ಪತ್ರೆಗೆ ಹೋಗಬೇಕು. ಮೂತ್ರ ಕಟ್ಟಿದರೆ, ರಕ್ತ ಕಂಡರೆ, ಬಸುರಿಯಾಗಿದ್ದರೆ ಬೆಳಗಾಗಲಿ ಅಂತಲೂ ಕಾಯಬಾರದು. ಜ್ವರ ಇಲ್ಲದಿದ್ದರೂ ನೀವು ನಾಳೆಯೇ ಹೋಗಿ ಮೂತ್ರ ಪರೀಕ್ಷೆ ಮಾಡಿಸಿ. ಇಪ್ಪತ್ತು ದಿನ ಮಾತ್ರೆ ನುಂಗಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿ ನೋಡಲಿ.

ಹಾಗಾದರೆ ಅತ್ತೆಯ ಪಕ್ಷ ಯಾಕೆ ವಹಿಸಿದೆ? ಬಾಳೆದಿಂಡು ಕಲ್ಲು ಕರಗಿಸುತ್ತದೆ ಅಂತ ನಾನು ಹೇಳಲಾರೆ. ಆದರೆ ದಿಂಡು ಅಂದರೆ ಮುಕ್ಕಾಲುಪಾಲು ನೀರು ಅಲ್ವಾ? ಆ ನೆಪದಲ್ಲಾದರೂ ಅತ್ತೆ ನಿಮ್ಮ ಹೊಟ್ಟೆಗೆ ಎರಡು ಲೋಟ ನೀರು ಇಳಿಸುತ್ತಿದ್ದಾರೆ. ಬೇರೆ ಯಾರೂ ಆ ಕೆಲಸ ಮಾಡಿಲ್ಲ. ಕಿಡ್ನಿಗಳು ದಿನಕ್ಕೆ ರಕ್ತದಿಂದ ಸುಮಾರು 180 ಲೀಟರ್ ನೀರಿನಂಶ ಸೋಸುತ್ತವೆ. ಒಂದೂವರೆ, ಎರಡು ಲೀಟರ್ ಹೊರಗೆ ಬಿಟ್ಟು ಉಳಿದದ್ದನ್ನು ಮೈಗೇ ವಾಪಸ್ ಕೊಡುತ್ತವೆ. ನೀರು ಕುಡಿಯದಿದ್ದರೆ ಹೊರಗೆ ಬರುವುದು ಅಡಿಕೆ ಬೇಯಿಸಿದ ಚೊಗರಿನ ಹಾಗೆ ಗಟ್ಟಿಯಾಗುತ್ತದೆ. ಕಲ್ಲು ಕಟ್ಟುವುದೂ ಅಲ್ಲೇ, ಸೋಂಕು ಕೂರುವುದೂ ಅಲ್ಲೇ. (ಕಿಡ್ನಿ ಕೆಟ್ಟು ಮೈ ಊದಿದವರಿಗೆ ನೀರಿನ ಲೆಕ್ಕ ಬೇರೆ. ಅವರು ಡಾಕ್ಟರನ್ನು ಕೇಳಿಯೇ ಕುಡಿಯಬೇಕು, ದಿಂಡಿನ ರಸವನ್ನೂ.)

ನೀವು ಯಾಕೆ ನೀರು ಕುಡಿಯುವುದಿಲ್ಲ ಅನ್ನುವುದನ್ನು ನೀವು ಬರೆದಿಲ್ಲ, ನಾನೇ ಬರೆಯುತ್ತೇನೆ. ಕುಡಿದರೆ ಏಳಬೇಕು. ಬೇರೆಯವರ ಮನೆಯಲ್ಲಿ, ಗಂಡಸರೆಲ್ಲ ಕೂತಿರುವಾಗ ಎದ್ದು ಎಲ್ಲಿಗೆ ಅಂತ ಹೋಗುವುದು? ಎದ್ದಷ್ಟೂ ಹೊತ್ತು ಸುಲಿತ ಕಡಿಮೆ, ಸುಲಿದಷ್ಟಕ್ಕೇ ದುಡ್ಡು. ನಮ್ಮ ದೊಡ್ಡಮ್ಮ ಸಾಗರದಿಂದ ಶಿವಮೊಗ್ಗಕ್ಕೆ ಬರುವ ದಿನ ಕಾಫಿಯನ್ನೂ ಮುಟ್ಟುತ್ತಿರಲಿಲ್ಲ. ಕೇಳಿದರೆ ಉಪವಾಸ ಅನ್ನುತ್ತಿದ್ದಳು. ಯಾವ ದೇವರಿಗೆ ಅಂತ ನಾವು ಯಾರೂ ಕೇಳಲಿಲ್ಲ. ಬಸ್‌ಸ್ಟ್ಯಾಂಡ್ ದೇವರಿಗೆ!

1951ರಲ್ಲಿ ತೋಟದ ಕೂಲಿಯವರಿಗಾಗಿ ಒಂದು ಕಾಯ್ದೆ ಬಂತು. ಕುಡಿಯುವ ನೀರು, ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಶೌಚಾಲಯ ಎಲ್ಲ ಅದರಲ್ಲಿತ್ತು. ಹೆಸರಿಸಿದ್ದು ಚಹಾ, ಕಾಫಿ, ರಬ್ಬರ್, ಸಿಂಕೋನಾ; ಏಲಕ್ಕಿ ಸೇರಿದ್ದು ಆಮೇಲೆ. ನಮ್ಮ ಅಡಿಕೆಯ ಹೆಸರು ಆ ಸಾಲಿನಲ್ಲಿರಲಿಲ್ಲ. ಅಡಿಕೆ ರೇಟು ಐನೂರು ಇಳಿದರೆ ನಮ್ಮ ಮೇಜಿನ ಮೇಲೆ ಮೂವತ್ತು ಪತ್ರ ಬೀಳುತ್ತವೆ. ಸುಲಿಯುವವರಿಗೆ ಚಪ್ಪರದ ಹಿಂದೆ ಒಂದು ಬಾಗಿಲಿರುವ ಗೂಡು ಬೇಕು ಅಂತ ಇಷ್ಟು ವರ್ಷದಲ್ಲಿ ಒಂದು ಪತ್ರವೂ ಬಂದಿಲ್ಲ. ಹೊಸ ಕಾರು ನಿಂತ ಅಂಗಳದಲ್ಲೂ ಅದಕ್ಕೆ ಜಾಗ ಇಲ್ಲ ಅನ್ನುತ್ತಾರೆ.

ಬೇರೆಯವರನ್ನು ಬೈಯುವ ಮುಂಚೆ ನಮ್ಮದನ್ನೂ ಹೇಳಬೇಕು. ಹೋದ ತಿಂಗಳು ಚಂದಾ ಕಟ್ಟಲು ಬಂದ ಅಜ್ಜಿಯೊಬ್ಬರು ಮೆಲ್ಲಗೆ, ಇಲ್ಲಿ ಪಾಯಿಖಾನೆ ಇದೆಯಾ ಅಂದರು. ಇದೆ ಅಂದೆ. ಬಾಗಿಲು ತೆಗೆದರೆ ಒಳಗೆ ಎದೆಮಟ್ಟ ಹಳೆಯ ಸಂಚಿಕೆಗಳ ಕಟ್ಟು. ಅವನ್ನೆಲ್ಲ ಈಗ ನನ್ನ ಕೋಣೆಗೆ ಸಾಗಿಸಿದ್ದೇವೆ, ಕಾಲಿಡಲು ಜಾಗವಿಲ್ಲ. ಪರೀಕ್ಷೆ ಮಾಡಿಸಲು ಶಿವಮೊಗ್ಗಕ್ಕೆ ಬಂದರೆ, ಬಸ್ ಹತ್ತುವ ಮುಂಚೆ ನೀರು ಕುಡಿದೇ ಬನ್ನಿ. ಅತ್ತೆಯನ್ನೂ ಕರೆದುಕೊಂಡು ಬನ್ನಿ.